ಆಲೆಮನೆ ನಿಂತರೆ ಯಾರ ಮಕ್ಕಳಿಗೆ ಏನು ಉಳಿಯುತ್ತದೆ?

ಮಂಡ್ಯದ ನಾಲೆ ಬಯಲಿನ ಹೈಸ್ಕೂಲುಗಳಲ್ಲಿ ಹತ್ತನೇ ಕ್ಲಾಸಿನ ಮಕ್ಕಳ ಮನೆತನ ವಿಚಾರಿಸುತ್ತಾ ಹೋದರೆ, ಒಂದೇ ಆಲೆಮನೆಯ ಸುತ್ತ ಬೆಳೆದ ಮೂರು ಥರದ ಮಕ್ಕಳು ಸಿಗುತ್ತಾರೆ. ಒಬ್ಬ ಆಲೆಮನೆ ಯಜಮಾನರ ಮಗ. ಒಬ್ಬಳು ಆ ಆಲೆಮನೆಗೆ ಕಬ್ಬು ಹಾಕುವ ಎರಡೆಕರೆ ರೈತರ ಮಗಳು. ಇನ್ನೊಬ್ಬ ಅಲ್ಲಿ ಪಾಕ ನೋಡುವವರ ಮಗ. ಚಿಕ್ಕವರಿದ್ದಾಗ ಮೂವರೂ ಒಂದೇ ಕೊಪ್ಪರಿಗೆಯ ಬಿಸಿ ಬೆಲ್ಲವನ್ನು ಕಬ್ಬಿನ ಜಲ್ಲೆಗೆ ಸುತ್ತಿಕೊಂಡು ತಿಂದವರು, ಒಂದೇ ಸಿಪ್ಪೆ ರಾಶಿಯ ಮೇಲೆ ಹತ್ತಿ ಜಾರಿದವರು. ಆಗ ಯಾರ ಅಪ್ಪ ಏನು ಎಂಬ ಲೆಕ್ಕ ಅವರಿಗೆ ಇರಲಿಲ್ಲ.

ಆಲೆಮನೆ ನಿಂತುಹೋದರೆ ಊರವರು "ಕಸುಬು ಹೋಯ್ತು ಕಣಪ್ಪ" ಎಂದು ಒಂದೇ ಮಾತಲ್ಲಿ ಹೇಳಿಬಿಡುತ್ತಾರೆ. ಆದರೆ ಆ ಮೂರು ಮನೆಗಳಿಂದ ಹೋಗುವುದು ಬೇರೆ ಬೇರೆ, ಉಳಿಯುವುದೂ ಬೇರೆ ಬೇರೆ. ಹದಿನೈದು ಹದಿನಾರರ ವಯಸ್ಸಿನಲ್ಲಿ ಸ್ನೇಹಿತರಿಗೆ ತಮ್ಮ ನಡುವಿನ ಅಂತರ ಮೊದಲು ಗೊತ್ತಾಗುವುದು ಇಂಥ ಹೊತ್ತಿನಲ್ಲೇ. ಬೆಲ್ಲದ ಕಸುಬು ಯಾಕೆ ಸೊರಗುತ್ತಿದೆ, ಆ ಸೊರಗು ಈ ಮಕ್ಕಳ ಬದುಕಿಗೆ ಹೇಗೆ ಇಳಿಯುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ. ಈ ಮೂವರು ಗುರುತಿಸಬಹುದಾದ ಯಾವುದೋ ಮೂವರು ಮಕ್ಕಳಲ್ಲ. ಈ ಭಾಗದ ಹಲವು ಮನೆಗಳ ಸ್ಥಿತಿಗತಿ ಸೇರಿಸಿ ಕಟ್ಟಿಕೊಂಡವರು. ಹಾಗಾಗಿ ಹೆಸರಿಟ್ಟಿಲ್ಲ.

ನಾಲೆ ತಂದ ಕಬ್ಬು

ಈ ಸೀಮೆಗೆ ಬೆಲ್ಲ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣದ ಆಸುಪಾಸಿನ ಕಬ್ಬಿನ ಬೇಸಾಯದ ಬಗ್ಗೆ ಬರೆದಿಟ್ಟಿದ್ದಾನೆ. 1847ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ರೈತರು ಕಾಯಿಸಿದ ಬೆಲ್ಲವನ್ನು ಕೊಂಡು, ಅದನ್ನು ಶುದ್ಧಿ ಮಾಡಿ ಸಕ್ಕರೆ ತೆಗೆಯುವುದು ಅದರ ಕೆಲಸವಾಗಿತ್ತು. ಅಂದರೆ ಕಾರ್ಖಾನೆಗೆ ಬೇಕಾದ ಕಚ್ಚಾಮಾಲು ಆಲೆಮನೆಯಿಂದಲೇ ಬರಬೇಕಿತ್ತು. ಈ ಸಂಬಂಧ ಮುಂದೆ ಪೂರ್ತಿ ತಿರುಗುಮುರುಗಾಯಿತು.

ಹಾಗಿದ್ದರೂ ಇಂದು ನಾವು ನೋಡುವ ಕಬ್ಬಿನ ಕಡಲಿಗೆ ಇನ್ನೂ ನೂರು ವರ್ಷ ತುಂಬಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, ಸುಮಾರು ಎರಡು ದಶಕದ ಮೇಲೆ ಇರ್ವಿನ್ ನಾಲೆ ಬಂತು. ಈಗ ಅದನ್ನು ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ. ಹುಲಿಕೆರೆಯ ಸುರಂಗ ದಾಟಿ ನೀರು ಹರಿದ ಮೇಲೆ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳು ಗದ್ದೆಯಾದವು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಇಲ್ಲಿ ಕಬ್ಬಿನ ಬೇಸಾಯಕ್ಕೂ ಸಕ್ಕರೆ ಕಾರ್ಖಾನೆಗೂ ದುಡಿದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಅಂದರೆ ಎಲ್ಲರ ಬಾಯಲ್ಲಿರುವ ಮೈಷುಗರ್, ಹುಟ್ಟಿಕೊಂಡಿತು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ಅದಾದ ಮೇಲೆ, 1939ರಲ್ಲಿ.

ಕಾರ್ಖಾನೆ ಬಂತೆಂದು ಆಲೆಮನೆ ಸಾಯಲಿಲ್ಲ. ನಾಲೆ ನೀರು ಬಂದಲ್ಲೆಲ್ಲ ಕಬ್ಬು ಬಂತು, ಕಬ್ಬು ಬಂದಲ್ಲೆಲ್ಲ ಗಾಣ ಬಂತು. ಎತ್ತು ಕಟ್ಟಿದ ಗಾಣ ಹೋಗಿ ಡೀಸೆಲ್ ಎಂಜಿನ್, ಆಮೇಲೆ ಕರೆಂಟ್ ಮೋಟಾರ್ ಬಂದವು. ರೈತನ ಮಟ್ಟಿಗೆ ಆಲೆಮನೆ ಎಂದರೆ ಎರಡನೇ ಬಾಗಿಲು. ಕಾರ್ಖಾನೆ ಕಟಾವಿಗೆ ತಡ ಮಾಡಿದರೆ, ಬಿಲ್ಲು ಕೊಡದೆ ಸತಾಯಿಸಿದರೆ, ಮನೆಯಲ್ಲಿ ಮದುವೆಗೆ ಅರ್ಜೆಂಟ್ ದುಡ್ಡು ಬೇಕಾದರೆ ಆಲೆಮನೆಗೆ ಕಬ್ಬು ಕಡಿದು ಹಾಕುತ್ತಿದ್ದ. ಮೈಷುಗರ್ ವರ್ಷಗಟ್ಟಲೆ ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯಲು ಶುರು ಮಾಡುವವರೆಗೆ, ಪಾಂಡವಪುರದ ಸಹಕಾರಿ ಕಾರ್ಖಾನೆ ಸೋತು 2020ರಲ್ಲಿ 40 ವರ್ಷಕ್ಕೆ ಖಾಸಗಿಯವರ ಗುತ್ತಿಗೆಗೆ ಹೋಗುವವರೆಗೆ, ಸುತ್ತಲಿನ ಎಷ್ಟೋ ಮನೆಗಳನ್ನು ಕಾಪಾಡಿದ್ದು ಈ ಬಾಗಿಲೇ.

ಕೊಪ್ಪರಿಗೆಯ ಬಳಿ ನಿಂತು ನೋಡಿದರೆ

ಈ ಕಸುಬಿನ ಬೆಲೆ ಯಾರ ಕೈಯಲ್ಲಿದೆ ಎಂದು ತಿಳಿಯಲು ಕೊಪ್ಪರಿಗೆಯ ಪಕ್ಕ ಸ್ವಲ್ಪ ಹೊತ್ತು ನಿಲ್ಲಬೇಕು.

ಗಾಣದಿಂದ ಬಂದ ಕಬ್ಬಿನ ಹಾಲು ಸ್ವಲ್ಪ ಹುಳಿ ಗುಣದ್ದು. ಕಬ್ಬು ಕಡಿದು ತಡವಾದಷ್ಟೂ, ಬಿಸಿಲಲ್ಲಿ ಒಣಗಿದಷ್ಟೂ ಅದರೊಳಗಿನ ಸುಕ್ರೋಸ್ ಎಂಬ ಸಕ್ಕರೆ ಒಡೆದು ಗ್ಲುಕೋಸ್, ಫ್ರಕ್ಟೋಸ್ ಆಗುತ್ತದೆ. ಹಾಗೆ ಒಡೆದ ಸಕ್ಕರೆ ಹೆಚ್ಚಾದರೆ ಬೆಲ್ಲ ಗಟ್ಟಿ ಕೂರುವುದಿಲ್ಲ, ಮಳೆಗಾಲದಲ್ಲಿ ನೀರು ಬಿಡುತ್ತದೆ. ಅದಕ್ಕೆ ಹಾಲು ಕಾಯುವಾಗ ಸುಣ್ಣದ ತಿಳಿ ಹಾಕುತ್ತಾರೆ. ಹುಳಿ ತಗ್ಗುತ್ತದೆ, ಕಲ್ಮಶ ಮೇಲೆ ತೇಲಿ ಬರುತ್ತದೆ, ಅದನ್ನು ಮೊಗೆದು ಚೆಲ್ಲುತ್ತಾರೆ. ಸುಣ್ಣ ಕಡಿಮೆಯಾದರೆ ಬೆಲ್ಲ ಮೆತ್ತಗಾಗುತ್ತದೆ, ಹೆಚ್ಚಾದರೆ ಕಪ್ಪಾಗುತ್ತದೆ. ಎಷ್ಟು ಹಾಕಬೇಕೆಂಬುದಕ್ಕೆ ಅಳತೆಗೋಲಿಲ್ಲ. ಇವತ್ತಿನ ಕಬ್ಬು ಯಾರ ಗದ್ದೆಯದು, ಹೊಸ ನಾಟಿಯದೋ ಕೂಳೆಯದೋ, ಸೌಳು ಮಣ್ಣಿನದೋ, ಯೂರಿಯಾ ಎಷ್ಟು ಚೆಲ್ಲಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ.

ಕೊನೆಯ ಹತ್ತು ಹದಿನೈದು ನಿಮಿಷ ಇನ್ನೂ ಸೂಕ್ಷ್ಮ. ಕುದಿಯುವ ರಸ ದಪ್ಪಗಾಗುತ್ತಾ ಗುಳ್ಳೆಗಳು ಸಣ್ಣಗಾಗುತ್ತವೆ, ಬಣ್ಣ ಹೊಂಬಣ್ಣಕ್ಕೆ ತಿರುಗುತ್ತದೆ, ವಾಸನೆ ಬದಲಾಗುತ್ತದೆ. ಪಾಕ ನೋಡುವವರು ಸಟ್ಟುಗದ ತುದಿಯಿಂದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಒತ್ತಿ ನೋಡುತ್ತಾರೆ. ಉಂಡೆ ಜಾರಿದರೆ ಇನ್ನೂ ಬೇಕು, ಕಲ್ಲಾದರೆ ಮೀರಿತು. ಥರ್ಮಾಮೀಟರ್ ಇಟ್ಟು ನೋಡಿದರೆ ಅದು 118 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಆದರೆ ಅವರು ನೋಡುವುದು ಬೆರಳಲ್ಲಿ. "ಇಳಿಸ್ರಿ" ಎಂದ ಕೂಡಲೇ ಕೊಪ್ಪರಿಗೆ ಒಲೆಯಿಂದ ಇಳಿಯಬೇಕು. ಅರೆ ನಿಮಿಷ ತಡವಾದರೂ ಸೀದ ವಾಸನೆ ಇಡೀ ಅಡಿಗೆಗೆ ಹತ್ತುತ್ತದೆ, ಆ ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ಮರ್ಯಾದೆಯಿಲ್ಲ.

ಗದ್ದೆ ಯಾರದೇ ಇರಲಿ, ಗಾಣ ಯಾರದೇ ಇರಲಿ, ಒಂದು ದಿನದ ಬೆಲ್ಲ ಒಳ್ಳೆಯದಾಗುವುದು ಕೆಡುವುದು ಆ ಬೆರಳುಗಳ ಮೇಲೆ. ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಆಲೆಮನೆ ಮುಚ್ಚಿದಾಗ ಯಾವ ಕಾಗದದಲ್ಲೂ ದಾಖಲಾಗದೆ ಹೋಗುವ ಆಸ್ತಿ ಇದೊಂದೇ.

ಲೆಕ್ಕ ಎಲ್ಲಿ ತಪ್ಪುತ್ತದೆ

ಒಂದು ಟನ್ ಕಬ್ಬು ಅರೆದರೆ ಸುಮಾರು 100 ಕೆಜಿ ಬೆಲ್ಲ ಬರುತ್ತದೆ. ಲೆಕ್ಕಕ್ಕೆ ಕೆಜಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. 4,000 ರೂಪಾಯಿ ಆಯಿತು. ಅದರಲ್ಲಿ ಕೂಲಿ, ಕರೆಂಟ್, ಸುಣ್ಣ, ಗಾಣದ ರಿಪೇರಿ, ಮಾರುಕಟ್ಟೆಗೆ ಸಾಗಿಸುವ ಬಾಡಿಗೆ ಎಲ್ಲ ಸೇರಿ 1,000 ಹೋಯಿತು ಎನ್ನಿ. ಉಳಿದ 3,000ದಲ್ಲಿ ಕಬ್ಬಿನ ದುಡ್ಡು, ಯಜಮಾನನ ಲಾಭ ಎರಡೂ ಬರಬೇಕು. ಬೆಲ್ಲದ ದರ 35ಕ್ಕೆ ಇಳಿದರೆ ಆ ಮೂರು ಸಾವಿರ ಎರಡೂವರೆ ಸಾವಿರವಾಗುತ್ತದೆ. ದರ ಇಳಿಯಿತೆಂದು ಕೂಲಿಯಾಗಲಿ ಕರೆಂಟ್ ಬಿಲ್ಲಾಗಲಿ ಇಳಿಯುವುದಿಲ್ಲ. ಇಳಿಕೆಯ ಪೂರ್ತಿ ಭಾರ ಕಬ್ಬಿನ ದರದ ಮೇಲೆ ಬೀಳುತ್ತದೆ.

ಕಾರ್ಖಾನೆಯ ಕಡೆ ಕೇಂದ್ರ ಸರ್ಕಾರ ಪ್ರತಿ ವರ್ಷ ಎಫ್‌ಆರ್‌ಪಿ ಎಂಬ ಕನಿಷ್ಠ ದರ ಕಟ್ಟುತ್ತದೆ. 2025-26ರ ಹಂಗಾಮಿಗೆ ಅದು ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್‌ಗೆ 3,550. ಇದರಲ್ಲಿ ಕಟಾವು, ಸಾಗಾಣಿಕೆ ಕಳೆದು ರೈತನ ಕೈಗೆ ಬರುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿ ಬಿಲ್ಲಿಗಾಗಿ ರೈತರು ಹೆದ್ದಾರಿಯಲ್ಲಿ ಕೂರುವುದನ್ನು ನೋಡಿದವರಿಗೆ ಆ ಆದೇಶ ಎಷ್ಟು ನಡೆಯುತ್ತದೆಂದು ಗೊತ್ತು. ಆದರೂ ಕಾಗದದ ಮೇಲೊಂದು ದರವಿದೆ, ಅದನ್ನು ಹಿಡಿದು ಜಗಳವಾಡಬಹುದು. ಬೆಲ್ಲಕ್ಕೆ ಅಂಥ ಕನಿಷ್ಠ ದರವಿಲ್ಲ. ಮಂಡ್ಯದ ಎಪಿಎಂಸಿಯಲ್ಲಿ ಅಂದು ಬೆಳಗ್ಗೆ ಏನು ಕೂಗಿದರೋ ಅದೇ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು, ಆದರೆ ಮಾತಿಗೆ ಬರುವುದೇ ಕಡಿಮೆ. ಕಾರ್ಖಾನೆಗೆ ಸಕ್ಕರೆಯೊಂದೇ ಆದಾಯವಲ್ಲ. ಸಿಪ್ಪೆ ಸುಟ್ಟು ಕರೆಂಟ್ ಮಾಡಿ ಮಾರುತ್ತದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಎಥೆನಾಲ್ ತೆಗೆಯುತ್ತದೆ. 2018ರ ಜೈವಿಕ ಇಂಧನ ನೀತಿ ಬಂದ ಮೇಲೆ ನೇರವಾಗಿ ಕಬ್ಬಿನ ರಸದಿಂದಲೂ ಎಥೆನಾಲ್ ತೆಗೆಯುವ ದಾರಿ ತೆರೆಯಿತು. ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುತ್ತಿರುವಾಗ ಕೊಳ್ಳುವವರ ಚಿಂತೆಯೂ ಕಡಿಮೆ. ಆಲೆಮನೆಯಲ್ಲಿ ಸಿಪ್ಪೆಯೆಲ್ಲ ಒಲೆಗೇ ಹೋಗುತ್ತದೆ. ಕಾಕಂಬಿ ಬೇರೆಯಾಗುವುದೇ ಇಲ್ಲ, ಅದು ಬೆಲ್ಲದೊಳಗೇ ಇದೆ. ಬೆಲ್ಲಕ್ಕೆ ರುಚಿ, ಬಣ್ಣ ಕೊಡುವುದೂ ಅದರ ಪಾಲೇ. ಒಂದೇ ಟನ್ ಕಬ್ಬಿನಿಂದ ಕಾರ್ಖಾನೆ ಮೂರು ಸಾಮಾನು ಮಾರುತ್ತದೆ, ಆಲೆಮನೆ ಒಂದನ್ನು ಮಾರುತ್ತದೆ. ಕಬ್ಬಿಗೆ ಪೈಪೋಟಿ ಬಿದ್ದಾಗ ಯಾರು ಹೆಚ್ಚು ದರ ಕೊಡಬಲ್ಲರು ಎಂಬುದು ಇಲ್ಲೇ ತೀರ್ಮಾನವಾಗುತ್ತದೆ.

ಇದರ ಮೇಲೆ ಮಳೆಯ ಕಾಟ. ಹಸಿ ಸಿಪ್ಪೆ ಉರಿಯುವುದಿಲ್ಲ, ಬಿಸಿಲಲ್ಲಿ ಹರಡಿ ಒಣಗಿಸಬೇಕು. ಮಳೆ ಹಿಡಿದರೆ ಒಲೆ ಆರುತ್ತದೆ. ಮಳೆ ಬಾರದಿದ್ದರೆ ಇನ್ನೂ ಕಷ್ಟ. ಕಬ್ಬು ಸುಮಾರು ಹನ್ನೆರಡು ತಿಂಗಳ ಬೆಳೆ, ನಾಲೆ ನೀರನ್ನು ನಂಬಿ ಬೆಳೆಯುವಂಥದ್ದು. ಕನ್ನಂಬಾಡಿ 124.80 ಅಡಿ ತುಂಬದ ವರ್ಷ ನಾಲೆಗೆ ಕಟ್ಟುನೀರು, ಅಂದರೆ ಸರದಿಯಂತೆ ಬಿಟ್ಟು ಬಿಟ್ಟು ಹರಿಸುವ ನೀರು, ಕಬ್ಬು ಗದ್ದೆಯಲ್ಲೇ ಒಣಗುತ್ತದೆ. 2023ರ ಬರದಲ್ಲಿ ಹೀಗೇ ಆಯಿತು. ಅದಕ್ಕೂ ಮೊದಲು 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ಇಡೀ ರಾಜ್ಯವನ್ನು ಕಲಕಿದ್ದವು. ಆ ವರ್ಷ ಅಂಗನವಾಡಿಯಲ್ಲಿದ್ದ ಮಕ್ಕಳೇ ಈಗ ಹತ್ತನೇ ಕ್ಲಾಸಿನ ಸುತ್ತಮುತ್ತ ಇರುವವರು. ಮನೆಯಲ್ಲಿ ದೊಡ್ಡವರು ಕಬ್ಬಿನ ಸುದ್ದಿ ಎತ್ತಿದರೆ ಇವರು ಯಾಕೆ ಎದ್ದು ಹೋಗುತ್ತಾರೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಬಣ್ಣದ ಗೀಳು

ಬೆಲ್ಲ ಬೆಳ್ಳಗೆ, ಹೊಳೆಯುವಂತೆ ಇದ್ದರೆ ಹರಾಜಿನಲ್ಲಿ ಹೆಚ್ಚು ದರ. ಕಂದು ಬಣ್ಣದ್ದಾದರೆ ಕಡಿಮೆ. ಈ ಒಂದು ರೂಢಿಯಿಂದ ಆದ ಹಾನಿ ಅಷ್ಟಿಷ್ಟಲ್ಲ. ಪಾಕಕ್ಕೆ ಹೈಡ್ರೋಸ್ ಎಂಬ ಪುಡಿ ಹಾಕುತ್ತಾರೆ. ಅದು ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆ ಬಣ್ಣದ ಉದ್ದಿಮೆಯಲ್ಲಿ ಬಳಸುವ ರಾಸಾಯನಿಕ. ಕಣ್ಣೆದುರೇ ಬೆಲ್ಲ ಬೆಳ್ಳಗಾಗುತ್ತದೆ, ಗಂಧಕದ ಅಂಶ ಒಳಗೆ ಉಳಿಯುತ್ತದೆ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಕೆಜಿಗೆ 70 ಮಿಲಿಗ್ರಾಂ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮವಿದೆ. ಪುಡಿಯನ್ನು ಕೈಯಳತೆಯಲ್ಲಿ ಎರಚುವಾಗ ಆ ಮಿತಿಯನ್ನು ಯಾರು ಅಳೆಯುತ್ತಾರೆ? ಬೆಲ್ಲದ ದರ ಚೆನ್ನಾಗಿರುವ ದಿನಗಳಲ್ಲಿ ಅಗ್ಗದ ಸಕ್ಕರೆ ಬೆರೆಸುವವರೂ ಇದ್ದಾರೆ. ಅಧಿಕಾರಿಗಳು ದಾಳಿ ಮಾಡುತ್ತಾರೆ, ಪೇಪರಿನಲ್ಲಿ ಬರುತ್ತದೆ, ಮಂಡ್ಯ ಬೆಲ್ಲದ ಹೆಸರು ಇನ್ನಷ್ಟು ಕೆಡುತ್ತದೆ, ಸುಣ್ಣವನ್ನೋ ಬೆಂಡೆಗಿಡದ ಲೋಳೆಯನ್ನೋ ಹಾಕಿ ಶುದ್ಧವಾಗಿ ಕಾಯಿಸುವವರಿಗೂ ಆ ಕಳಂಕ ತಟ್ಟುತ್ತದೆ.

ತಪ್ಪನ್ನು ಪೂರ್ತಿ ಆಲೆಮನೆಯವರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಅಂಗಡಿಯಲ್ಲಿ ಕಂದು ಅಚ್ಚನ್ನು ಪಕ್ಕಕ್ಕಿಟ್ಟು ಹಳದಿ ಅಚ್ಚು ಆರಿಸಿಕೊಳ್ಳುವ ಪ್ರತಿ ಕೈಗೂ ಇದರಲ್ಲಿ ಪಾಲಿದೆ. ಆದರೆ ಮಕ್ಕಳ ಮೇಲೆ ಇದರ ಪರಿಣಾಮ ನೇರವಾಗಿ ಕಾಣುತ್ತದೆ. ಪಾಕ ನೋಡುವವರ ಮಗ ಅಪ್ಪನಿಂದ ಗುಳ್ಳೆಯ ಗಾತ್ರ ಓದುವುದನ್ನು ಕಲಿಯುವ ಬದಲು ಪುಡಿ ಎಷ್ಟು ಎರಚಬೇಕೆಂದು ಕಲಿಯುತ್ತಾನೆ. ಪುಡಿ ಎರಚಲು ನುರಿತವರೇ ಬೇಕೆಂದಿಲ್ಲ, ಯಾರಾದರೂ ಆದೀತು. ಅಲ್ಲಿಗೆ ಆ ಮನೆಯ ಕಸುಬಿಗೆ ಇದ್ದ ಬೆಲೆ ಹೋಯಿತು.

ಆ ಜಾಗಕ್ಕೆ ಯಾರು ಬಂದರೆಂಬುದೂ ಎಲ್ಲರಿಗೆ ಗೊತ್ತಿರುವ ವಿಚಾರ. ಊರಿನ ಹುಡುಗರು ಬೆಂಗಳೂರಿಗೆ, ಮೈಸೂರಿಗೆ, ಮದ್ದೂರು ಶ್ರೀರಂಗಪಟ್ಟಣದ ಗಾರ್ಮೆಂಟ್ಸಿಗೆ ಹೋದರು. ಉತ್ತರಪ್ರದೇಶ, ಬಿಹಾರದ ಕಡೆಯಿಂದ ಬೆಲ್ಲ ಕಾಯಿಸಬಲ್ಲ ಕುಟುಂಬಗಳು ಬಂದವು. ಹಲವು ಯಜಮಾನರು ಆಲೆಮನೆಯನ್ನೇ ಅವರಿಗೆ ಗುತ್ತಿಗೆಗೆ ಕೊಟ್ಟಿದ್ದಾರೆ. ಅವರ ಮಕ್ಕಳು ಆಲೆಮನೆ ಪಕ್ಕದ ಶೆಡ್ಡಿನಲ್ಲಿ ಬೆಳೆಯುತ್ತಾರೆ. ಹಂಗಾಮು ಮುಗಿದರೆ ಊರಿಗೆ, ಮತ್ತೆ ಬಂದರೆ ಕನ್ನಡ ಶಾಲೆಯಲ್ಲಿ ಮತ್ತದೇ ಒಂದನೇ ಪಾಠ. ನಮ್ಮ ಮೂವರ ಜೊತೆ ಕಬಡ್ಡಿ ಆಡುವ ನಾಲ್ಕನೆಯ ಹುಡುಗ ಇವನು. ಇವನ ಪಾಡು ಬೇರೆಯದೇ ಬರಹ ಬೇಡುತ್ತದೆ.

ಮೂರು ಮನೆ, ಮೂರು ದಾರಿ

ಈಗ ಆಲೆಮನೆ ನಿಂತಿತು ಎಂದುಕೊಳ್ಳೋಣ.

ಯಜಮಾನರ ಮನೆಗೆ ಪೆಟ್ಟು ಬೀಳುವುದು ನಿಜ. ಗಾಣಕ್ಕೆ, ಮೋಟಾರಿಗೆ ಮಾಡಿದ ಬ್ಯಾಂಕ್ ಸಾಲವಿದೆ. ಕೂಲಿಯವರಿಗೆ ಕೊಟ್ಟ ಮುಂಗಡ ವಾಪಸ್ ಬಂದಿಲ್ಲ. ಆದರೆ ಅವರ ಕೈಯಲ್ಲಿ ನೆಲವಿದೆ. ಶೆಡ್ಡನ್ನು ಗೋಡೌನಿಗೆ ಬಾಡಿಗೆ ಕೊಡಬಹುದು. 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ರಸ್ತೆಗೆ ಹತ್ತಿರದ ಜಮೀನಿಗೆ ಗಿರಾಕಿಗಳು ತಾವಾಗಿ ಹುಡುಕಿಕೊಂಡು ಬರುತ್ತಾರೆ. ಅಂಥ ಮನೆಯ ಮಗನಿಗೆ ಪಿಯುಸಿ ಸೈನ್ಸ್, ಟ್ಯೂಷನ್, ಆಮೇಲೆ ಮಂಡ್ಯದಲ್ಲೋ ಮೈಸೂರಲ್ಲೋ ಎಂಜಿನಿಯರಿಂಗ್. ಒಂದು ಸಲ ಫೇಲಾದರೆ ಇನ್ನೊಂದು ಸಲ ಕಟ್ಟಬಹುದು. ತಪ್ಪು ಹೆಜ್ಜೆ ಇಟ್ಟು ತಿದ್ದಿಕೊಳ್ಳುವ ಅವಕಾಶವೇ ಅವನಿಗೆ ಸಿಗುವ ದೊಡ್ಡ ಪಿತ್ರಾರ್ಜಿತ.

ರೈತರ ಮಗಳ ಕಥೆ ನಡುವಿನದು. ಆಲೆಮನೆ ಹೋದರೆ ಅವಳ ಅಪ್ಪನಿಗೆ ಎರಡನೇ ಬಾಗಿಲು ಮುಚ್ಚಿದಂತೆ. ಕಾರ್ಖಾನೆ ಹೇಳಿದ ದಿನವೇ ಕಡಿಯಬೇಕು, ಅದು ಕೊಟ್ಟ ದಿನವೇ ದುಡ್ಡು. ಎರಡು ಎಕರೆಯಲ್ಲಿ ಅಷ್ಟು ಕಾಯುವುದು ಕಷ್ಟ. ಹಾಗಿದ್ದರೂ ಪಹಣಿಯಲ್ಲಿ ಹೆಸರಿದೆ. ಅದರಿಂದ ಸೊಸೈಟಿ ಸಾಲ ಸಿಗುತ್ತದೆ, 2019ರಲ್ಲಿ ಶುರುವಾದ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಬರುತ್ತದೆ, ರೈತ ವಿದ್ಯಾನಿಧಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ್ದರಿಂದ ಮೈಸೂರಿನ ಕಾಲೇಜಿಗೆ ದಿನಾ ಹೋಗಿಬರುವುದು ಸಾಧ್ಯವಾಯಿತು. "ಹೋಗಿ ಬರೋ ಖರ್ಚೇ ಇಲ್ವಲ್ಲ, ಓದ್ಕಳ್ಳಿ ಬುಡ್ರಿ" ಎಂದು ಅವ್ವ ಅಪ್ಪನ ಎದುರು ಮಾತಾಡಲು ಒಂದು ಆಧಾರ ಸಿಕ್ಕಿತು. ಮುಂಚೆ ಈ ಮಾತು ಬಸ್ ಚಾರ್ಜಿನ ಲೆಕ್ಕದಲ್ಲೇ ನಿಂತುಹೋಗುತ್ತಿತ್ತು.

ಪಾಕ ನೋಡುವವರ ಮಗನಿಗೆ ಏನಿದೆ? ಅಪ್ಪ ಹಂಗಾಮಿನ ಮೊದಲೇ ಮುಂಗಡ ತಗೊಂಡಿರುತ್ತಾರೆ. ಆಲೆಮನೆ ನಡೆದರೆ ಅದು ದುಡಿಮೆಯಲ್ಲಿ ತೀರುತ್ತದೆ, ನಿಂತರೆ ಸಾಲವಾಗಿ ಉಳಿಯುತ್ತದೆ. ಹೆಸರಿನಲ್ಲಿ ಭೂಮಿಯಿಲ್ಲ, ಹಾಗಾಗಿ ಪಿಎಂ ಕಿಸಾನ್ ಇಲ್ಲ, ಬೆಳೆ ಸಾಲವಿಲ್ಲ, ಬರ ಬಂದರೆ ಬೆಳೆ ಪರಿಹಾರವಿಲ್ಲ. ಬರಗಾಲದಲ್ಲಿ ಕಬ್ಬು ಒಣಗಿದ್ದಕ್ಕೆ ರೈತನಿಗೆ ಪರಿಹಾರ ಬಂದರೂ ಕಾಯಿಸಲು ಕಬ್ಬಿಲ್ಲದೆ ಕೂತ ಕುಟುಂಬದ ನಷ್ಟ ಯಾವ ಪಟ್ಟಿಗೂ ಸೇರುವುದಿಲ್ಲ. ಅಪ್ಪನ ಮೂವತ್ತು ವರ್ಷದ ಕೈಗುಣಕ್ಕೆ ಸರ್ಟಿಫಿಕೇಟ್ ಇಲ್ಲ. ಹೊಸ ಕೆಲಸ ಹುಡುಕಿ ಹೋದರೆ ಅವರು ಬರೀ ಕೂಲಿಯಾಳು. ಮಗ ಹತ್ತನೇ ಕ್ಲಾಸು ಮುಗಿಸಿ ಐಟಿಐಗೆ ಸೇರಿದರೆ ಅದು ಒಳ್ಳೆಯ ದಾರಿ, ಎಷ್ಟೋ ಹುಡುಗರು ಹಾಗೆ ಮೇಲೆ ಬಂದಿದ್ದಾರೆ. ಆದರೆ ಐಟಿಐ ಮುಗಿಯುವವರೆಗೆ ಮನೆ ನಡೆಯಬೇಕಲ್ಲ. ಅದಕ್ಕೇ ಬೇಸಿಗೆ ರಜಕ್ಕೆಂದು ಬೆಂಗಳೂರಿಗೆ ಹೋದವನು ಜೂನ್‌ಗೆ ವಾಪಸ್ ಬರುವುದಿಲ್ಲ.

ಸ್ನೇಹ ಒಡೆಯುವುದು ಜಗಳದಿಂದ ಅಂದುಕೊಳ್ಳಬೇಡಿ. ಈ ಮಕ್ಕಳ ನಡುವೆ ಜಗಳವೇ ಆಗುವುದಿಲ್ಲ. ಯಜಮಾನರ ಮಗ ಫೋನ್ ಮಾಡಿ "ಯಾಕ್ಲಾ ಕಾಲೇಜಿಗೆ ಸೇರ್ಲಿಲ್ಲ, ಬಾರ್ಲಾ" ಎನ್ನುತ್ತಾನೆ. ಮನಸ್ಸಿನಿಂದಲೇ ಅನ್ನುತ್ತಾನೆ. ಇವನಿಗೆ ಏನು ಉತ್ತರ ಹೇಳಬೇಕೋ ತೋಚುವುದಿಲ್ಲ. ಅಪ್ಪ ಕೊಡಬೇಕಾದ ಮುಂಗಡದ ಬಾಕಿ ಆ ಗೆಳೆಯನ ಅಪ್ಪನಿಗೇ. ಅದು ಆ ಹುಡುಗನಿಗೆ ಗೊತ್ತಿದೆಯೋ ಇಲ್ಲವೋ ಇವನಿಗೆ ತಿಳಿಯದು, ಕೇಳುವುದೂ ಸಾಧ್ಯವಿಲ್ಲ. ಹೀಗೆ ಫೋನ್ ಕಡಿಮೆಯಾಗುತ್ತದೆ. ಹಬ್ಬಕ್ಕೆ ಊರಿಗೆ ಬಂದಾಗ ಮೂವರೂ ಮಾತಾಡುತ್ತಾರೆ, ನಗುತ್ತಾರೆ, ಆದರೆ ಮನೆ ಸುದ್ದಿ ಎತ್ತುವುದಿಲ್ಲ. ಕಸುಬು ಸೊರಗುವುದರ ಬಗ್ಗೆ ಇರುವ ವರದಿಗಳಲ್ಲಿ ಟನ್ನು, ಕ್ವಿಂಟಲ್ಲು, ಎಕರೆ ಎಲ್ಲ ಇರುತ್ತವೆ. ಈ ಮೌನದ ಲೆಕ್ಕ ಇರುವುದಿಲ್ಲ.

ಮದುವೆಯ ಮಾತು

ಹದಿನಾರರ ಹುಡುಗ ಬೇಸಾಯವನ್ನೋ ಆಲೆಮನೆಯನ್ನೋ ಬೇಡವೆನ್ನಲು ದುಡ್ಡಿನ ಜೊತೆ ಇನ್ನೊಂದು ಕಾರಣವಿದೆ. 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಪಾದಯಾತ್ರೆ ಹೋದರು. ಅವರಲ್ಲಿ ಹಲವರು ರೈತರ ಮಕ್ಕಳು. ಊರೂರಲ್ಲಿ ಜನ ನಕ್ಕರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಕಬ್ಬು ಬೆಳೆಯುವವನಿಗೆ ಹೆಣ್ಣು ಕೊಡುವುದಿಲ್ಲ ಎಂಬ ಮಾತು ಕೇಳಿ ಕೇಳಿ ಬೆಳೆದ ಹುಡುಗ ಯಾವ ಧೈರ್ಯದ ಮೇಲೆ ಗದ್ದೆಗೆ ಇಳಿಯುತ್ತಾನೆ?

ಈ ಕೊರತೆಗೆ ಕಬ್ಬಿನ ದರ ಒಂದೇ ಕಾರಣವಲ್ಲ. ವರ್ಷಗಟ್ಟಲೆ ಹೆಣ್ಣು ಭ್ರೂಣಗಳನ್ನು ಕೊಂದದ್ದರ ಫಲವೂ ಇದರಲ್ಲಿದೆ. 2023ರಲ್ಲೇ ಭ್ರೂಣಲಿಂಗ ಪತ್ತೆಯ ಜಾಲವೊಂದು ಬಯಲಾದಾಗ ಸ್ಕ್ಯಾನಿಂಗ್ ನಡೆಸುತ್ತಿದ್ದ ಜಾಗ ಮಂಡ್ಯ ಹತ್ತಿರದ ಒಂದು ಆಲೆಮನೆ ಎಂದು ತಿಳಿದುಬಂತು. ದಾರಿಹೋಕರಿಗೂ ಕರೆದು ಕಬ್ಬಿನ ಹಾಲು ಕೊಡುತ್ತಿದ್ದ ಜಾಗದಲ್ಲಿ ಅಂಥ ಕೆಲಸ ನಡೆಯಿತೆಂಬುದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ಮೂವರಲ್ಲಿ ಒಬ್ಬಳು ಹುಡುಗಿ ಎಂಬುದನ್ನು ನೆನಪಿಟ್ಟುಕೊಳ್ಳಿ. ಓದಿಸಿದರೆ ಗಂಡು ಸಿಗುವುದು ಕಷ್ಟ ಎಂದು ಅವಳ ಮನೆಯಲ್ಲಿ ಹೆದರಿಸುವವರು ಇನ್ನೂ ಇದ್ದಾರೆ. ಗಂಡುಗಳೇ ಸಾಲುಗಟ್ಟಿ ಬೆಟ್ಟ ಹತ್ತುವ ಊರಲ್ಲಿ ಈ ಹೆದರಿಕೆಗೆ ಅರ್ಥವೇ ಇಲ್ಲ ಎಂದು ಅವಳಿಗೆ ಗೊತ್ತಿದೆ. ಅಪ್ಪನಿಗೆ ಹೇಳುವ ದಾರಿ ಗೊತ್ತಿಲ್ಲ.

ಬೆಲ್ಲಕ್ಕೆ ಮತ್ತೆ ಜೀವ ಬಂದರೆ ಅದು ಯಾರಿಗೆ?

ಬೆಲ್ಲಕ್ಕೆ ಗಿರಾಕಿ ಇಲ್ಲವೆಂದೇನಿಲ್ಲ. ಪೇಟೆಯ ಜನ ರಾಸಾಯನಿಕವಿಲ್ಲದ ಕಂದು ಬೆಲ್ಲ, ಪುಡಿ ಬೆಲ್ಲ, ಜೋನಿ ಬೆಲ್ಲ ಹುಡುಕಿಕೊಂಡು ಹೆಚ್ಚು ದುಡ್ಡು ಕೊಡುತ್ತಿದ್ದಾರೆ. ಕೇಂದ್ರ ಸರ್ಕಾರ 2020ರಲ್ಲಿ ತಂದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ, ಅಂದರೆ ಪಿಎಂಎಫ್‌ಎಂಇ ಅಡಿಯಲ್ಲಿ 'ಒಂದು ಜಿಲ್ಲೆ, ಒಂದು ಉತ್ಪನ್ನ'ಕ್ಕೆ ಮಂಡ್ಯದಿಂದ ಆರಿಸಿದ್ದು ಬೆಲ್ಲವನ್ನೇ. ಯೋಜನೆಯ ವೆಚ್ಚಕ್ಕೆ ಶೇ 35ರಷ್ಟು, 10 ಲಕ್ಷ ರೂಪಾಯಿವರೆಗೆ ಸಹಾಯಧನವಿದೆ, ಕರ್ನಾಟಕ ಇನ್ನೂ ಶೇ 15 ಸೇರಿಸುತ್ತದೆ. ಸ್ಟೀಲ್ ಕೊಪ್ಪರಿಗೆ, ಸಿಪ್ಪೆ ಕಡಿಮೆ ಬೇಡುವ ಸುಧಾರಿತ ಒಲೆ, ಪ್ಯಾಕಿಂಗ್ ಯಂತ್ರ, ಇವಕ್ಕೆಲ್ಲ ಇದರಿಂದ ದುಡ್ಡು ಹೊಂದಿಸಬಹುದು. ಕಪೆಕ್ ಎಂದು ಕರೆಯುವ ರಾಜ್ಯ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ ಇದರ ನೋಡಲ್ ಸಂಸ್ಥೆ.

ಆದರೆ ಇದು ಬ್ಯಾಂಕ್ ಸಾಲದ ಜೊತೆ ಬರುವ ಸಹಾಯಧನ. ಕನಿಷ್ಠ ಶೇ 10ರಷ್ಟು ಸ್ವಂತ ದುಡ್ಡು ಹಾಕಬೇಕು, ಮೊದಲು ಬ್ಯಾಂಕ್ ಒಪ್ಪಬೇಕು. ಬ್ಯಾಂಕಿನವರ ಎದುರು ಜಮೀನು, ಶೆಡ್ಡು, ಕರೆಂಟ್ ಸಂಪರ್ಕದ ಕಾಗದ ತೋರಿಸಬಲ್ಲ ಮನೆ ಯಾವುದೆಂದು ಮತ್ತೆ ಹೇಳಬೇಕಾಗಿಲ್ಲ. ಪಾಕ ನೋಡುವವರಿಗೆ ಇದರಲ್ಲಿ ಇರುವ ಸಣ್ಣ ದಾರಿ ಸ್ವಸಹಾಯ ಗುಂಪಿನದು. ಆಹಾರ ಸಂಸ್ಕರಣೆ ಮಾಡುವ ಗುಂಪಿನ ಪ್ರತಿ ಸದಸ್ಯರಿಗೆ 40,000 ರೂಪಾಯಿವರೆಗೆ ಮೂಲ ಬಂಡವಾಳ ಕೊಡುವ ಅವಕಾಶ ಯೋಜನೆಯಲ್ಲಿದೆ. ಸಾಮಾನ್ಯವಾಗಿ ಸಂಘದಲ್ಲಿರುವವರು ಹೆಂಗಸರು. ಆಲೆಮನೆಯಲ್ಲಿ ಸಿಪ್ಪೆ ಹರಡಿ, ಅಚ್ಚು ಬಿಡಿಸಿ, ಬೆಲ್ಲ ಜೋಡಿಸಿದ ಕೈಗಳೂ ಅವರದೇ. ಹಾಗಾಗಿ ಅಪ್ಪನ ಹೆಸರಲ್ಲಿ ಆಗದ್ದು ಅವ್ವನ ಸಂಘದ ಹೆಸರಲ್ಲಿ ಆಗಬಹುದು.

ನನ್ನ ಅಭಿಪ್ರಾಯ ಇಷ್ಟು. ಬೆಲ್ಲದ ಘಟಕಕ್ಕೆ ಸರ್ಕಾರದ ದುಡ್ಡು ಹೋಗುವ ಕಡೆಯೆಲ್ಲ ಪಾಕ ನೋಡುವವರನ್ನು ನುರಿತ ಕೆಲಸಗಾರರೆಂದು ಬರೆದು, ತಿಂಗಳ ಸಂಬಳ ಕೊಡಬೇಕೆಂಬ ಷರತ್ತು ಇರಬೇಕು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕಬ್ಬಿನ ತಳಿಗಳ ಮೇಲೆ ದಶಕಗಳಿಂದ ಕೆಲಸ ನಡೆದಿದೆ, ವಿಸಿಎಫ್ 0517ರಂಥ ತಳಿ ಅಲ್ಲಿಂದಲೇ ಬಂದದ್ದು. ಅಲ್ಲಿನ ವಿಜ್ಞಾನಿಗಳ ಎದುರು ಕೊಪ್ಪರಿಗೆ ಇಟ್ಟು ಈ ಹಿರಿಯರಿಂದಲೇ ತರಬೇತಿ ಕೊಡಿಸಿ, ಕಲಿಸಿದವರಿಗೆ ಸಂಭಾವನೆಯನ್ನೂ ಕಲಿತವರಿಗೆ ಪ್ರಮಾಣಪತ್ರವನ್ನೂ ಕೊಡಬಹುದು. ದೊಡ್ಡ ಖರ್ಚಿನ ಕೆಲಸವೇನಲ್ಲ. ಸುಣ್ಣದ ಅಳತೆಯಿಂದ ಹಿಡಿದು ಪಾಕದ ಹದದವರೆಗೆ ಬಲ್ಲವರು ಇನ್ನೂ ಊರುಗಳಲ್ಲಿದ್ದಾರೆ, ಅವರಿಗೆ ವಯಸ್ಸಾಗುತ್ತಿದೆ. ಹತ್ತನೇ ಕ್ಲಾಸಿನ ಫಲಿತಾಂಶ ಬಂದ ವಾರ ಹೈಸ್ಕೂಲಿನ ಮೇಷ್ಟ್ರುಗಳು ಪಿಯುಸಿ ಅರ್ಜಿಯ ಜೊತೆ ಐಟಿಐ, ಡಿಪ್ಲೊಮಾ ಅರ್ಜಿಯನ್ನೂ ರೈತ ವಿದ್ಯಾನಿಧಿಯ ವಿವರವನ್ನೂ ಮೊದಲು ಕೊಡಬೇಕಾದದ್ದು ಭೂಮಿಯಿಲ್ಲದ ಮನೆಯ ಮಕ್ಕಳಿಗೆ. ಭೂರಹಿತ ಕೃಷಿ ಕಾರ್ಮಿಕರ ಮಕ್ಕಳನ್ನೂ ಆ ವಿದ್ಯಾರ್ಥಿವೇತನಕ್ಕೆ ಸೇರಿಸಿದ್ದಾರೆಂಬ ಸಂಗತಿಯೇ ಆ ಮನೆಗಳಲ್ಲಿ ಅನೇಕರಿಗೆ ತಲುಪಿಲ್ಲ.